ಒಮಾನಿನ ಬಯಲಿನಲ್ಲಿ ಸಿಕ್ಕ ಕಲ್ಲು ಮಂಗಳ ಗ್ರಹದ್ದೇ?

ಓದುಗರ ಪ್ರಶ್ನೆ: ನಾನು ಉಡುಪಿ ಕಡೆಯವನು. ಹಲವು ವರ್ಷಗಳಿಂದ ಮಸ್ಕತ್‌ನಲ್ಲಿ ಉದ್ಯೋಗದಲ್ಲಿದ್ದೇನೆ. ಕಳೆದ ಈದ್ ರಜೆಯಲ್ಲಿ ಕುಟುಂಬದೊಂದಿಗೆ ಸಲಾಲಾಕ್ಕೆ ಹೋಗುವಾಗ, ಹೈಮಾ ಊರಿನ ಆಚೆ ಹೆದ್ದಾರಿಯಿಂದ ಸ್ವಲ್ಪ ಒಳಗಿನ ಬಿಳಿ ಬಯಲಿನಲ್ಲಿ ಮುಷ್ಟಿ ಗಾತ್ರದ ಕಪ್ಪು ಕಲ್ಲೊಂದು ಸಿಕ್ಕಿತು. ತೂಕ 380 ಗ್ರಾಂ. ಒಂದು ಮಗ್ಗುಲಲ್ಲಿ ತೆಳುವಾದ ಕಪ್ಪು ಪದರವಿದೆ. ಮುರಿದ ಮೂಲೆಯಲ್ಲಿ ಹಸಿರು ಮಿಶ್ರಿತ ಬೂದು ಬಣ್ಣದ ಕಣಗಳು ಕಾಣುತ್ತವೆ. ಅಯಸ್ಕಾಂತವನ್ನು ದಾರಕ್ಕೆ ಕಟ್ಟಿ ಹಿಡಿದರೆ ಮಾತ್ರ ಸ್ವಲ್ಪ ವಾಲುತ್ತದೆ. ಪರಿಚಯದ ಚಿನ್ನದ ಅಂಗಡಿಯವರು ತಮ್ಮ ಯಂತ್ರದಲ್ಲಿ ನೋಡಿ, ನಿಕಲ್ ಇಲ್ಲ ಎಂದರು. ಊರಿನಲ್ಲಿರುವ ಭೂವಿಜ್ಞಾನ ಓದಿದ ಸ್ನೇಹಿತರು, ಅಯಸ್ಕಾಂತವೂ ಹಿಡಿಯದು, ನಿಕಲ್ ಕೂಡ ಇಲ್ಲ, ಆದ್ದರಿಂದ ಇದು ಉಲ್ಕಾಶಿಲೆಯೇ ಅಲ್ಲ ಎನ್ನುತ್ತಾರೆ. ಅಂತರ್ಜಾಲದ ವಿಡಿಯೊಗಳನ್ನು ನೋಡಿದರೆ ಮಂಗಳ ಗ್ರಹದ ಕಲ್ಲುಗಳು ಹೀಗೆಯೇ ಇರುತ್ತವೆ, ಕೋಟಿಗಟ್ಟಲೆ ಬೆಲೆ ಬಾಳುತ್ತವೆ ಎಂದಿದೆ. ಮುಂದಿನ ತಿಂಗಳು ಊರಿಗೆ ಬರುವಾಗ ತಂದು ಬೆಂಗಳೂರಿನಲ್ಲಿ ಕತ್ತರಿಸಿ ನೋಡಬಹುದೇ? ನಿಜವಾದರೆ ಅದಕ್ಕೆ ನನ್ನ ಹೆಸರಿಡುತ್ತಾರೆಯೇ?

ತಜ್ಞರ ಉತ್ತರ: ನೀವು ಕಳಿಸಿರುವ ಚಿತ್ರಗಳನ್ನು ಗಮನವಿಟ್ಟು ನೋಡಿದ್ದೇನೆ. ಚಿತ್ರ ನೋಡಿ ಒಂದು ಕಲ್ಲು ಉಲ್ಕಾಶಿಲೆ ಅಲ್ಲ ಎಂದು ಎಷ್ಟೋ ಸಲ ಧೈರ್ಯವಾಗಿ ಹೇಳಬಹುದು. ಆದರೆ ಅದು ಇಂಥ ಗ್ರಹದಿಂದ ಬಂದದ್ದು ಎಂದು ಯಾರೂ ಹೇಳಲಾರರು. ನಿಮ್ಮ ಕಲ್ಲನ್ನು ಚಿತ್ರದಿಂದಲೇ ತಳ್ಳಿಹಾಕಲು ನನಗೆ ಸಾಧ್ಯವಾಗಿಲ್ಲ. ನಿಮ್ಮ ಸ್ನೇಹಿತರ ತೀರ್ಮಾನ ಕೊನೆಗೆ ಸರಿಯಾಗಬಹುದು, ಆದರೆ ಅವರು ಕೊಟ್ಟಿರುವ ಕಾರಣಗಳು ಸರಿಯಲ್ಲ. ವಿಡಿಯೊ ಮಾಡಿದವರ ಮಾತಿಗಂತೂ ಆಧಾರವೇ ಇಲ್ಲ.

ಎಲ್ಲಕ್ಕಿಂತ ಮೊದಲು, ಈ ಕಲ್ಲನ್ನು ಚೀಲದಲ್ಲಿ ಹಾಕಿಕೊಂಡು ವಿಮಾನ ಹತ್ತಬೇಡಿ. ಒಮಾನಿನಲ್ಲಿ ಉಲ್ಕಾಶಿಲೆಗಳು ರಾಷ್ಟ್ರೀಯ ಪರಂಪರೆಗೆ ಸೇರಿದವು. ಸರ್ಕಾರದ ಅನುಮತಿಯಿಲ್ಲದೆ ಅವನ್ನು ದೇಶದ ಹೊರಗೆ ಒಯ್ಯುವಂತಿಲ್ಲ. ಇದು ಪುಸ್ತಕದಲ್ಲಷ್ಟೇ ಉಳಿದ ನಿಯಮವಲ್ಲ. 2011ರಲ್ಲಿ ಅಮೆರಿಕದ ಇಬ್ಬರು ಉಲ್ಕಾಶಿಲೆ ಸಂಗ್ರಾಹಕರು ಅಲ್ಲಿ ಬಂಧಿತರಾಗಿ ಜೈಲಿನಲ್ಲಿರಬೇಕಾಯಿತು. ಉದ್ಯೋಗದ ವೀಸಾದ ಮೇಲೆ ಸಂಸಾರ ಸಮೇತ ಅಲ್ಲಿರುವ ನಿಮಗೆ, ಕಲ್ಲು ಏನೆಂದು ತಿಳಿಯುವ ಮೊದಲೇ ಅಂಥ ಅಪಾಯ ಬೇಡ. ಕಲ್ಲು ಸಾಮಾನ್ಯವಾದದ್ದೇ ಆಗಿದ್ದರೂ ವಿಮಾನ ನಿಲ್ದಾಣದ ಅಧಿಕಾರಿಗೆ ಅದನ್ನು ಸಾಬೀತು ಮಾಡಿ ತೋರಿಸಲು ನಿಮ್ಮ ಕೈಯಲ್ಲಿ ಏನೂ ಇರುವುದಿಲ್ಲ.

ಇನ್ನು ಕಲ್ಲಿನ ವಿಷಯ. ನೀವು ಹೇಳಿದ ಪ್ರದೇಶ ಜಿದ್ದತ್ ಅಲ್ ಹರಾಸಿಸ್ ಎಂಬ ವಿಶಾಲ ಸುಣ್ಣಕಲ್ಲಿನ ಬಯಲಿನ ಅಂಚು. ಉಲ್ಕೆಗಳು ಭೂಮಿಯ ಮೇಲೆ ಎಲ್ಲ ಕಡೆಯೂ ಬೀಳುತ್ತವೆ. ಮಲೆನಾಡಿನಲ್ಲಿ ಬಿದ್ದದ್ದು ಮಣ್ಣು, ಮಳೆ, ಹಸಿರಿನ ನಡುವೆ ಬೇಗನೆ ಕಣ್ಮರೆಯಾಗುತ್ತದೆ. ಒಮಾನಿನ ಬಯಲಿನಲ್ಲಿ ಮಳೆ ಅಪರೂಪ, ಗಾಳಿ ಹಗುರ ಮಣ್ಣನ್ನು ಹೊತ್ತೊಯ್ಯುತ್ತಲೇ ಇರುತ್ತದೆ, ನೆಲ ಬಿಳಿಚಿಕೊಂಡಿರುತ್ತದೆ. ಹೀಗಾಗಿ ಹತ್ತಾರು ಸಾವಿರ ವರ್ಷಗಳ ಹಿಂದೆ ಬಿದ್ದ ಕಲ್ಲೂ ಇಂದಿಗೂ ನೆಲದ ಮೇಲೆಯೇ ಉಳಿದು, ಕಪ್ಪು ಚುಕ್ಕೆಯಾಗಿ ದೂರದಿಂದ ಕಣ್ಣಿಗೆ ಬೀಳುತ್ತದೆ. ಮಂಗಳ ಗ್ರಹದ ಸಾಯ್ಹ್ ಅಲ್ ಉಹೈಮಿರ್ 094 ಮತ್ತು ಒಂದು ಕಿಲೋಗಿಂತ ತುಸು ಹೆಚ್ಚು ತೂಗುವ ದೋಫಾರ್ 019, ಚಂದ್ರನ ಸಾಯ್ಹ್ ಅಲ್ ಉಹೈಮಿರ್ 169, ಈ ಮೂರೂ ಉಲ್ಕಾಶಿಲೆಗಳು 2000ರಿಂದ 2002ರ ನಡುವೆ ಆ ಸೀಮೆಯಲ್ಲೇ ಸಿಕ್ಕಿದವು. ಹಾಗಾಗಿ ನಿಮ್ಮ ಆಸೆ ಬುಡವಿಲ್ಲದ್ದಲ್ಲ. ಆದರೆ ಅದೇ ಬಯಲಿನಲ್ಲಿ ಸಿಗುವ ಉಲ್ಕಾಶಿಲೆಗಳಲ್ಲಿ ಬಹುಪಾಲು ಸಾಮಾನ್ಯ ಕಾಂಡ್ರೈಟ್‌ಗಳು, ಅಂದರೆ ಕ್ಷುದ್ರಗ್ರಹಗಳ ಚೂರುಗಳು. ಜಗತ್ತಿನಲ್ಲಿ ಇದುವರೆಗೆ ಅಧಿಕೃತವಾಗಿ ಹೆಸರು ಪಡೆದ ಉಲ್ಕಾಶಿಲೆಗಳು 77,000ಕ್ಕೂ ಹೆಚ್ಚು; ಮಂಗಳನವು ಅವುಗಳಲ್ಲಿ ಸುಮಾರು 400 ಮಾತ್ರ. ಬುಧ, ಶುಕ್ರಗಳಿಂದ ಬಂದದ್ದೆಂದು ಖಚಿತವಾದ ಒಂದು ಕಲ್ಲೂ ಇಲ್ಲ.

ಅಯಸ್ಕಾಂತ ಮತ್ತು ನಿಕಲ್ ಪರೀಕ್ಷೆಗಳ ಬಗ್ಗೆ ಸ್ವಲ್ಪ ವಿವರವಾಗಿ ಹೇಳಬೇಕು, ಏಕೆಂದರೆ ಅತ್ಯಂತ ಅಮೂಲ್ಯವಾದ ಕಲ್ಲುಗಳು ಕಸದ ಬುಟ್ಟಿ ಸೇರುವುದು ಇಲ್ಲಿಯೇ. ಕಾಂಡ್ರೈಟ್‌ಗಳಲ್ಲಿ ಕಬ್ಬಿಣ ಮತ್ತು ನಿಕಲ್ ಸೇರಿದ ಲೋಹದ ಕಣಗಳಿರುತ್ತವೆ. ಅಯಸ್ಕಾಂತ ಅಂಟಿಕೊಳ್ಳುವುದು ಅದರಿಂದ. ಇಡೀ ಕಲ್ಲಿನಲ್ಲಿ ಶೇಕಡಾ 1ರಿಂದ 2ರಷ್ಟು ನಿಕಲ್ ಕಾಣುವುದೂ ಅದರಿಂದ. ಮಂಗಳದಂಥ ದೊಡ್ಡ ಕಾಯಗಳಲ್ಲಿ ಹಾಗಾಗುವುದಿಲ್ಲ. ಗ್ರಹ ರೂಪುಗೊಂಡು ಕರಗಿದ ಕಾಲದಲ್ಲೇ ಲೋಹ ಕೆಳಗಿಳಿದು ಗರ್ಭವನ್ನು ಸೇರುತ್ತದೆ, ನಿಕಲ್ ಬಹುಪಾಲು ಅದರ ಜೊತೆಗೇ ಹೋಗುತ್ತದೆ. ಮೇಲ್ಭಾಗದ ಜ್ವಾಲಾಮುಖಿ ಶಿಲೆಯಲ್ಲಿ ಉಳಿಯುವ ನಿಕಲ್ ತೀರಾ ಅತ್ಯಲ್ಪ. ಆದ್ದರಿಂದ ಮಂಗಳದ ಅಥವಾ ಚಂದ್ರನ ಕಲ್ಲು ಈ ಎರಡೂ ಪರೀಕ್ಷೆಗಳಲ್ಲಿ ನಮ್ಮ ಭೂಮಿಯ ಕಲ್ಲಿನಂತೆಯೇ ವರ್ತಿಸುತ್ತದೆ. ನಿಕಲ್ ನಿಜಕ್ಕೂ ಇಲ್ಲವೆಂದಾದರೆ ನಿಮ್ಮದು ಕಾಂಡ್ರೈಟ್ ಅಲ್ಲ ಎನ್ನಬಹುದು, ಅಷ್ಟೇ; ಅದು ಭೂಮಿಯದೇ, ಚಂದ್ರನದೇ, ಮಂಗಳನದೇ ಎಂಬ ಪ್ರಶ್ನೆ ಹಾಗೆಯೇ ಉಳಿಯುತ್ತದೆ. ಅಲ್ಲದೆ ಚಿನ್ನದ ಅಂಗಡಿಯ ಯಂತ್ರವನ್ನು ಹೊಂದಿಸಿರುವುದು ಚಿನ್ನ, ಬೆಳ್ಳಿ, ತಾಮ್ರ ಅಳೆಯಲಿಕ್ಕೆ. ಸುಣ್ಣ ಮತ್ತು ತುಕ್ಕು ಹಿಡಿದ ಕಲ್ಲಿನ ಮೇಲ್ಮೈಗೆ ಹಿಡಿದು ಅದು ಕೊಡುವ ಅಂಕಿಗಳ ಮೇಲೆ ಯಾವ ತೀರ್ಮಾನವನ್ನೂ ಕಟ್ಟಬೇಡಿ.

ಒಂದು ಕಳಕಳಿಯ ಮನವಿಯೂ ಇದೆ. ಇನ್ನು ಮುಂದೆ ಆ ಕಲ್ಲಿನ ಹತ್ತಿರ ಅಯಸ್ಕಾಂತವನ್ನು ತರಬೇಡಿ. ಪಶ್ಚಿಮ ಸಹಾರಾದಲ್ಲಿ ಸಿಕ್ಕು 2011ರಲ್ಲಿ ಬೆಳಕಿಗೆ ಬಂದ, 'ಬ್ಲ್ಯಾಕ್ ಬ್ಯೂಟಿ' ಎಂದು ಕರೆಯಲಾಗುವ 320 ಗ್ರಾಂ ತೂಕದ ಮಂಗಳದ ಕಲ್ಲಿನಲ್ಲಿ 440 ಕೋಟಿ ವರ್ಷ ಹಳೆಯ ಜಿರ್ಕಾನ್ ಹರಳುಗಳಿವೆ. ಮಂಗಳನಿಗೆ ಒಂದು ಕಾಲದಲ್ಲಿ ಇದ್ದು ಆಮೇಲೆ ಅಳಿದುಹೋದ ಕಾಂತಕ್ಷೇತ್ರದ ಗುರುತು ಅಂಥ ಕಲ್ಲಿನಲ್ಲಿ ಉಳಿದಿರಬೇಕಿತ್ತು. ಅಮೆರಿಕದ ಎಂಐಟಿ ಸಂಶೋಧಕರು 2023ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಈ ಕಲ್ಲಿನ ತುಣುಕುಗಳಲ್ಲಿದ್ದ ಹಳೆಯ ದಾಖಲೆಯನ್ನು ಹುಡುಕುವವರ ಮತ್ತು ಮಾರುವವರ ಕೈಯ ಅಯಸ್ಕಾಂತಗಳೇ ಅಳಿಸಿಹಾಕಿರುವುದು ಕಂಡುಬಂತು. ಕೋಟ್ಯಂತರ ವರ್ಷ ಬಾಹ್ಯಾಕಾಶದಲ್ಲೂ ಮರಳುಗಾಡಿನಲ್ಲೂ ಉಳಿದುಬಂದದ್ದು ಕ್ಷಣಮಾತ್ರದ ಕುತೂಹಲಕ್ಕೆ ಹೋಯಿತೆಂದರೆ ಈ ಕ್ಷೇತ್ರದಲ್ಲಿ ಕೆಲಸ ಮಾಡಿದ ಯಾರಿಗೂ ಸಂಕಟವಾಗುತ್ತದೆ.

ನೀವು ಹೇಳಿದ ಕಪ್ಪು ಪದರದ ಬಗ್ಗೆಯೂ ಎಚ್ಚರ ಬೇಕು. ವಾತಾವರಣದಲ್ಲಿ ಧಾವಿಸುವಾಗ ಉಲ್ಕಾಶಿಲೆಯ ಹೊರಮೈ ಕರಗಿ, ತಣಿದು, ಒಂದು ಮಿಲಿಮೀಟರಿಗಿಂತ ತೆಳುವಾದ ಗಾಜಿನಂಥ ಹೊದಿಕೆಯಾಗುತ್ತದೆ. ಆದರೆ ಮರಳುಗಾಡಿನಲ್ಲಿ ಬಹುಕಾಲ ಬಿದ್ದ ಯಾವುದೇ ಕಲ್ಲಿನ ಮೇಲೂ ಮ್ಯಾಂಗನೀಸ್ ಮತ್ತು ಕಬ್ಬಿಣದ ಆಕ್ಸೈಡುಗಳ ಕಪ್ಪು ಮೆರುಗು ಕೂರುತ್ತದೆ. ಗಾಳಿ ಮರಳು ಸೇರಿ ಅದನ್ನು ಉಜ್ಜಿ ಹೊಳಪಿಸುತ್ತವೆ. ಮುರಿದ ಮೂಲೆಯ ಅಂಚನ್ನು ಲೆನ್ಸಿನಲ್ಲಿ ನೋಡಿ. ನಿಜವಾದ ಕರಗಿದ ಪದರ ಅಲ್ಲಿ ಗೆರೆ ಎಳೆದಂತೆ ನಿಂತಿರುತ್ತದೆ, ಅದರ ಕೆಳಗೆ ಒಳಗಿನ ಕಣಗಳು ಬಣ್ಣ ಬದಲಾಗದೆ ಶುರುವಾಗುತ್ತವೆ. ಮೆರುಗಾದರೆ ಬಿರುಕುಗಳೊಳಗೂ ಇಳಿದು ಮಾಸುತ್ತಾ ಹೋಗಿರುತ್ತದೆ. ನಿಮ್ಮ ಮೂರನೆಯ ಚಿತ್ರದಲ್ಲಿ ಇಂಥ ಗೆರೆಯಿದೆ ಎಂದು ನನಗೆ ಅನ್ನಿಸುತ್ತದೆ. ಆದರೆ ಚಿತ್ರ ಅಷ್ಟು ಸ್ಪಷ್ಟವಾಗಿಲ್ಲ. ಕಣಗಳ ನಡುವೆ ಗುಳ್ಳೆಗಳ ರಂಧ್ರಗಳಿಲ್ಲ ಎಂಬುದೂ ಅನುಕೂಲಕರ ಅಂಶವೇ, ಕುಲುಮೆಯ ಕಿಟ್ಟದಲ್ಲಿ ಅವು ಧಾರಾಳವಾಗಿರುತ್ತವೆ. ನನ್ನ ದೊಡ್ಡ ಅನುಮಾನ ಬೇರೆಯದು. ಒಮಾನಿನ ಉತ್ತರದ ಹಜರ್ ಪರ್ವತಗಳಲ್ಲಿ ಸಾಗರತಳದಿಂದ ಮೇಲೆದ್ದ ಶಿಲಾರಾಶಿಯೊಂದಿದೆ, ಅದನ್ನು ಸಮಾಯಿಲ್ ಓಫಿಯೊಲೈಟ್ ಎನ್ನುತ್ತಾರೆ. ಅಲ್ಲಿಯ ಹಸಿರು-ಕಪ್ಪು ಕಲ್ಲುಗಳು ನೀವು ವಿವರಿಸಿದಂತೆಯೇ ಕಾಣುತ್ತವೆ, ನಿಕಲ್ ಕಡಿಮೆ ಇರುವ ಬಗೆಗಳೂ ಅವುಗಳಲ್ಲಿವೆ. ಸುಣ್ಣದ ಬಯಲಿಗೆ ಅವು ತಾವಾಗಿ ಬರುವುದಿಲ್ಲ, ಆದರೆ ರಸ್ತೆ ಕೆಲಸದ ಲಾರಿಗಳಲ್ಲಿ ಬರಬಹುದು. ಹೆದ್ದಾರಿಯಿಂದ ಎಷ್ಟು ದೂರದಲ್ಲಿ ಸಿಕ್ಕಿತು, ಸುತ್ತ ಅದೇ ಬಗೆಯ ಕಲ್ಲುಗಳಿದ್ದವೇ ಎಂದು ನಾನು ಕೇಳುತ್ತಿರುವುದು ಅದಕ್ಕೇ.

ಹಾಗಾದರೆ ಪ್ರಯೋಗಾಲಯ ಹೇಗೆ ನಿರ್ಧರಿಸುತ್ತದೆ? ಸಣ್ಣ ತುಣುಕನ್ನು ಕತ್ತರಿಸಿ, ಗಾಜಿನ ಪಟ್ಟಿಗೆ ಅಂಟಿಸಿ, 0.03 ಮಿಲಿಮೀಟರ್ ದಪ್ಪಕ್ಕೆ ಬರುವವರೆಗೆ ಉಜ್ಜುತ್ತಾರೆ. ಆ ತೆಳುವಿನಲ್ಲಿ ಕಲ್ಲು ಬೆಳಕನ್ನು ಒಳಗೆ ಬಿಡುತ್ತದೆ. ಸೂಕ್ಷ್ಮದರ್ಶಕದಲ್ಲಿ ಎರಡು ಧ್ರುವೀಕರಣ ಫಲಕಗಳ ನಡುವೆ ಅದನ್ನಿಟ್ಟು ತಿರುಗಿಸಿದರೆ ಪೈರಾಕ್ಸೀನ್, ಆಲಿವೀನ್ ಎಂಬ ಖನಿಜಗಳ ಹರಳುಗಳು ಹಳದಿ, ನೇರಳೆ, ನೀಲಿ ಬಣ್ಣಗಳಲ್ಲಿ ಬೆಳಗುತ್ತಾ ಆರುತ್ತಾ ಹೋಗುತ್ತವೆ. ಅವುಗಳ ನಡುವೆ ಉದ್ದನೆಯ ಪಟ್ಟಿಗಳಂತಿರುವ ಫೆಲ್ಡ್‌ಸ್ಪಾರ್ ಎಂಬ ಖನಿಜ, ಭೂಮಿಯ ಜ್ವಾಲಾಮುಖಿ ಶಿಲೆಯಾದ ಬಸಾಲ್ಟಿನಲ್ಲಾದರೆ ಬೂದು-ಬಿಳಿ ಗೆರೆಗಳಾಗಿ ಮಿನುಗಬೇಕು. ಮಂಗಳದ ಶೆರ್ಗೊಟೈಟ್ ಕಲ್ಲಿನಲ್ಲಿ ಪಟ್ಟಿಯ ಆಕಾರವೇನೋ ಹಾಗೇ ಇರುತ್ತದೆ. ಎಷ್ಟು ತಿರುಗಿಸಿದರೂ ಆ ಜಾಗ ಮಾತ್ರ ಕಪ್ಪಾಗಿಯೇ ಉಳಿಯುತ್ತದೆ. ಹರಳಿನ ರೂಪದಲ್ಲೇ ಅದು ಗಾಜಾಗಿಬಿಟ್ಟಿದೆ. ಹೀಗಾಗಲು ವಾತಾವರಣದ ಒತ್ತಡದ ಸುಮಾರು ಮೂರು ಲಕ್ಷ ಪಟ್ಟು ಒತ್ತಡದ ಆಘಾತ ಬೇಕು. ಮಂಗಳನ ನೆಲಕ್ಕೆ ದೊಡ್ಡ ಕಾಯವೊಂದು ಅಪ್ಪಳಿಸಿ ಈ ಕಲ್ಲನ್ನು ಆಕಾಶಕ್ಕೆ ಚಿಮ್ಮಿಸಿದ ಗಳಿಗೆಯ ಗುರುತು ಅದು. ಆ ಗಾಜಿಗೆ ಮಸ್ಕೆಲಿನೈಟ್ ಎಂದು ಹೆಸರು. ಅದನ್ನು 1872ರಲ್ಲಿ ಮೊದಲು ಗುರುತಿಸಿದ್ದು ನಮ್ಮ ಬಿಹಾರದ ಶೆರ್ಘಾಟಿಯಲ್ಲಿ 1865ರ ಆಗಸ್ಟ್ 25ರಂದು ಬಿದ್ದ ಕಲ್ಲಿನಲ್ಲಿ. ಶೆರ್ಗೊಟೈಟ್ ಎಂಬ ವರ್ಗದ ಹೆಸರೇ ಆ ಊರಿನಿಂದ ಬಂದದ್ದು.

ಆದರೂ ಶೆರ್ಘಾಟಿಯ ಕಲ್ಲು ಮಂಗಳದ್ದು ಎಂದು ನಂಬಲು ನೂರು ವರ್ಷಕ್ಕೂ ಮೀರಿ ಕಾಯಬೇಕಾಯಿತು. ಶೆರ್ಘಾಟಿಯ ಕಲ್ಲಿನ ಬಳಗಕ್ಕೇ ಸೇರಿದ, ಅಂಟಾರ್ಕ್ಟಿಕಾದಲ್ಲಿ ಸಿಕ್ಕ ಎಲಿಫೆಂಟ್ ಮೊರೇನ್ 79001 ಎಂಬ ಕಲ್ಲಿನ ಗಾಜಿನ ಹನಿಗಳೊಳಗೆ ಸಿಕ್ಕಿಬಿದ್ದಿದ್ದ ಅನಿಲವನ್ನು 1983ರಲ್ಲಿ ಅಳೆದಾಗ, ಅದು 1976ರಲ್ಲಿ ವೈಕಿಂಗ್ ನೌಕೆಗಳು ಮಂಗಳನ ಮೇಲೆ ಇಳಿದು ಅಳೆದ ಗಾಳಿಗೆ ಹೊಂದಿಕೆಯಾಯಿತು. ಆ ಒಂದು ಕಲ್ಲಿನ ಮೂಲಕ ಇಡೀ ಬಳಗದ ಮೂಲ ಸ್ಥಿರವಾಯಿತು. ಇಂದು ಪ್ರತಿಯೊಂದು ಹೊಸ ಕಲ್ಲಿನಲ್ಲೂ ಅನಿಲ ಅಳೆಯಬೇಕಾಗಿಲ್ಲ. ಆ ಬಳಗದ ಖನಿಜ ಮತ್ತು ರಾಸಾಯನಿಕ ಗುಣಗಳಿಗೆ ಹೊಂದುತ್ತದೆಯೇ ಎಂದು ನೋಡಿದರೆ ಸಾಕು.

ಅದಕ್ಕೆ ಮುಖ್ಯವಾಗಿ ಎರಡು ಅಳತೆಗಳಿವೆ. ಮೊದಲನೆಯದು ಪೈರಾಕ್ಸೀನ್ ಹರಳಿನಲ್ಲಿ ಮ್ಯಾಂಗನೀಸಿಗೆ ಕಬ್ಬಿಣದ ಅನುಪಾತ. ಎಲೆಕ್ಟ್ರಾನ್ ಕಿರಣ ಹಾಯಿಸಿ ಅಳೆದಾಗ ಭೂಮಿಯ ಕಲ್ಲಿನಲ್ಲಿ ಅದು ಸುಮಾರು 40, ಚಂದ್ರನದರಲ್ಲಿ ಸುಮಾರು 60, ಮಂಗಳನದರಲ್ಲಿ 30ರ ಆಸುಪಾಸು. ತೊಂದರೆಯೆಂದರೆ ವೆಸ್ಟಾ ಎಂಬ ದೊಡ್ಡ ಕ್ಷುದ್ರಗ್ರಹದ ಕಲ್ಲುಗಳೂ 30ರ ಹತ್ತಿರವೇ ನಿಲ್ಲುತ್ತವೆ, ಮತ್ತು ಅವು ಮಂಗಳದವುಗಳಿಗಿಂತ ಬಹಳ ಹೆಚ್ಚು ಸಿಗುತ್ತವೆ. ಆಗ ಎರಡನೆಯ ಅಳತೆ ನೆರವಿಗೆ ಬರುತ್ತದೆ, ಅದು ಆಮ್ಲಜನಕದ ಮೂರು ಐಸೊಟೋಪುಗಳ, ಅಂದರೆ ತೂಕದಲ್ಲಷ್ಟೇ ಭಿನ್ನವಾದ ಪರಮಾಣುಗಳ, ಪ್ರಮಾಣ. ಒಂದೇ ಗ್ರಹದ ಕಲ್ಲುಗಳು ಕರಗಲಿ, ಹರಳಾಗಲಿ, ನೀರಿನಲ್ಲಿ ಬದಲಾಗಲಿ, ಈ ಮೂರರ ಪರಸ್ಪರ ಸಂಬಂಧ ಆ ಗ್ರಹದ ಒಂದೇ ರೇಖೆಯ ಮೇಲೆ ಉಳಿಯುತ್ತದೆ. ಮನೆತನದ ಮುಖಚಹರೆಯಂತೆ ಅದು ಮರೆಯಾಗುವುದಿಲ್ಲ. ಭೂಮಿಯ ರೇಖೆಯನ್ನು ಸೊನ್ನೆಯೆಂದು ಹಿಡಿದರೆ ಮಂಗಳದ್ದು ಸಾವಿರಕ್ಕೆ ಸುಮಾರು 0.3 ಭಾಗ ಮೇಲೆ, ವೆಸ್ಟಾದ್ದು ಸುಮಾರು 0.24 ಭಾಗ ಕೆಳಗೆ ಇರುತ್ತದೆ. ಆದರೆ ಚಂದ್ರನ ರೇಖೆ ಭೂಮಿಯದ್ದೇ. ಅಂದರೆ ಮಂಗಳ ಮತ್ತು ವೆಸ್ಟಾವನ್ನು ಬೇರ್ಪಡಿಸುವ ಆಮ್ಲಜನಕ, ಚಂದ್ರ ಮತ್ತು ಭೂಮಿಯನ್ನು ಬೇರ್ಪಡಿಸಲಾರದು. ಅಲ್ಲಿ ಕಬ್ಬಿಣ-ಮ್ಯಾಂಗನೀಸ್ ಅನುಪಾತವನ್ನೇ ಕೇಳಬೇಕು. ಒಂದೇ ಪರೀಕ್ಷೆಯಿಂದ ತೀರ್ಪು ಕೊಡುವವರನ್ನು ನಾನು ನಂಬದಿರುವುದು ಇದೇ ಕಾರಣಕ್ಕೆ. ಮರಳುಗಾಡಿನ ಕಲ್ಲಿಗೆ ಇನ್ನೊಂದು ಕಷ್ಟವಿದೆ. ಬಿರುಕುಗಳಲ್ಲಿ ಸುಣ್ಣ, ತುಕ್ಕು ತುಂಬಿಕೊಂಡು ಭೂಮಿಯ ಆಮ್ಲಜನಕವೂ ಒಳಗೆ ಸೇರಿರುತ್ತದೆ. ಅದನ್ನು ಆಮ್ಲದಲ್ಲಿ ತೊಳೆದು ತೆಗೆದ ಮೇಲೆಯೇ ಅಳೆಯಬೇಕು. ಆ ತೊಳೆಯುವಿಕೆ ಪ್ರಯೋಗಾಲಯದಲ್ಲಿ, ಒಂದು ಗ್ರಾಂಗೂ ಕಡಿಮೆ ಪುಡಿಯ ಮೇಲೆ ನಡೆಯುವ ಕೆಲಸ. ಮನೆಯಲ್ಲಿ ಇಡೀ ಕಲ್ಲನ್ನು ಆಮ್ಲಕ್ಕೆ ಅದ್ದುವುದಲ್ಲ.

ಸಿಕ್ಕ ಜಾಗದ ದಾಖಲೆ ಎಷ್ಟು ಮುಖ್ಯ ಎನ್ನುವುದಕ್ಕೆ ನಾನು ಮೇಲೆ ಹೇಳಿದ ಸಾಯ್ಹ್ ಅಲ್ ಉಹೈಮಿರ್ 169 ಒಳ್ಳೆಯ ಉದಾಹರಣೆ. ಸ್ವಿಟ್ಜರ್ಲೆಂಡ್ ಮತ್ತು ಒಮಾನ್ ಜಂಟಿಯಾಗಿ ನಡೆಸಿದ ಹುಡುಕಾಟದಲ್ಲಿ 2002ರ ಜನವರಿಯಲ್ಲಿ ಸಿಕ್ಕ 206 ಗ್ರಾಂ ಕಲ್ಲು ಅದು. ಬೂದು-ಹಸಿರು ಬಣ್ಣದ ಅದನ್ನು ದಾರಿಹೋಕರು ನೋಡಿದ್ದರೆ ಎತ್ತಿಕೊಳ್ಳುತ್ತಲೂ ಇರಲಿಲ್ಲ. ಅದರಲ್ಲಿ ಥೋರಿಯಂ ಎಂಬ ವಿಕಿರಣಶೀಲ ಧಾತು ಅಸಾಧಾರಣವಾಗಿ ಹೆಚ್ಚಿತ್ತು. ಲೂನಾರ್ ಪ್ರಾಸ್ಪೆಕ್ಟರ್ ನೌಕೆ ತಯಾರಿಸಿದ್ದ ಚಂದ್ರನ ಥೋರಿಯಂ ನಕ್ಷೆಯೊಂದಿಗೆ ಹೋಲಿಸಿ, ಅದು ಲಲಾಂಡ್ ಎಂಬ ಕುಳಿಯ ಆಸುಪಾಸಿನಿಂದ ಬಂದಿರಬೇಕು ಎನ್ನುವವರೆಗೆ ವಿಜ್ಞಾನಿಗಳು ಹೋದರು. ಸುಮಾರು 390 ಕೋಟಿ ವರ್ಷಗಳ ಹಿಂದೆ ಚಂದ್ರನ ಇಂಬ್ರಿಯಂ ಕೊಳ್ಳವನ್ನು ಉಂಟುಮಾಡಿದ ಅಪ್ಪಳಿಕೆಯ ಕಾಲವೂ ಅದರಿಂದ ತಿಳಿಯಿತು. ಕಲ್ಲು ಭೂಮಿಗೆ ಬಂದು ಹತ್ತು ಸಾವಿರ ವರ್ಷವೂ ಆಗಿರಲಿಲ್ಲ. ಮೊರೊಕ್ಕೊ ಮಾರುಕಟ್ಟೆಯಲ್ಲಿ ಕೈಬದಲಾಗಿ ಬರುವ ಎಷ್ಟೋ ಕಲ್ಲುಗಳಿಗೆ ಇಂಥ ಹಿನ್ನೆಲೆಯ ಅರ್ಧವೂ ಇರುವುದಿಲ್ಲ. ಅವಕ್ಕೆ 'ವಾಯವ್ಯ ಆಫ್ರಿಕಾ' ಎಂಬ ಸಾಮಾನ್ಯ ಹೆಸರು ಮತ್ತು ಒಂದು ಸಂಖ್ಯೆ ಸಿಗುತ್ತದೆ. ಎಲ್ಲಿ ಬಿದ್ದಿತ್ತು, ಜೊತೆಗೆ ಬೇರೆ ತುಣುಕುಗಳಿದ್ದವೇ ಎಂಬುದು ಶಾಶ್ವತವಾಗಿ ಕಳೆದುಹೋಗಿರುತ್ತದೆ.

ಈಗ ನಿಮ್ಮ ಮುಂದಿರುವ ದಾರಿಗಳು. ಮಸ್ಕತ್‌ನಲ್ಲಿ ಪರಂಪರೆ ಮತ್ತು ಪ್ರವಾಸೋದ್ಯಮ ಸಚಿವಾಲಯಕ್ಕೆ ಲಿಖಿತವಾಗಿ ತಿಳಿಸಿ, ಕಲ್ಲನ್ನು ಒಪ್ಪಿಸಿ, ಸ್ವೀಕೃತಿ ಪತ್ರ ಪಡೆಯುವುದೇ ನಾನು ಸೂಚಿಸುವ ದಾರಿ. ಸುಲ್ತಾನ್ ಖಾಬೂಸ್ ವಿಶ್ವವಿದ್ಯಾಲಯದ ಭೂವಿಜ್ಞಾನ ವಿಭಾಗದವರು ಮೊದಲ ನೋಟಕ್ಕೆ ನೆರವಾಗಬಹುದು. ಇದರಲ್ಲಿ ನಷ್ಟವೆಂದರೆ ಕಲ್ಲು ನಿಮ್ಮ ಕೈಬಿಡುತ್ತದೆ, ಉತ್ತರ ಬರಲು ತಿಂಗಳುಗಳೇ ಹಿಡಿಯಬಹುದು. ಸ್ಥಳೀಯ ವ್ಯಾಪಾರಿಗೆ ಮಾರುವ ಯೋಚನೆ ಬಂದಿದ್ದರೆ ಬಿಟ್ಟುಬಿಡಿ. ಕಾನೂನಿನ ತೊಡಕು ಒಂದು ಕಡೆ, ವರ್ಗೀಕರಣವಾಗದ ಕಲ್ಲಿಗೆ ಸಿಗುವ ಬೆಲೆ ಅಷ್ಟರಲ್ಲೇ ಎಂಬುದು ಇನ್ನೊಂದು ಕಡೆ. ಭಾರತಕ್ಕೆ ತಂದು ಪರೀಕ್ಷಿಸಬೇಕೆಂದರೆ ಅಹಮದಾಬಾದಿನ ಭೌತ ಸಂಶೋಧನಾ ಪ್ರಯೋಗಾಲಯದಲ್ಲಿ ಇದಕ್ಕೆ ಬೇಕಾದ ಪರಿಣತಿ ಇದೆ, ಆದರೆ ಜವಾಬ್ದಾರಿಯುಳ್ಳ ಯಾವುದೇ ಪ್ರಯೋಗಾಲಯ ಮೊದಲು ಕೇಳುವುದು ಒಮಾನ್ ಸರ್ಕಾರದ ಅನುಮತಿ ಪತ್ರವನ್ನೇ. ಬೆಂಗಳೂರಿನ ಗ್ರಾನೈಟ್ ಕತ್ತರಿಸುವವರ ಬಳಿಗೆ ಒಯ್ಯುವ ಮಾತನ್ನು ದಯವಿಟ್ಟು ಮರೆತುಬಿಡಿ. ಆ ಗರಗಸದ ದಪ್ಪ ಅಲಗು ಕಲ್ಲಿನ ಒಂದು ಭಾಗವನ್ನೇ ಪುಡಿಮಾಡುತ್ತದೆ. ಬಳಸುವ ನೀರು, ಎಣ್ಣೆ, ಹಿಂದಿನ ಕಲ್ಲಿನ ಕೆಸರು ಬಿರುಕುಗಳೊಳಗೆ ಇಳಿಯುತ್ತವೆ.

ಬೆಲೆಯ ವಿಷಯವನ್ನು ನೀವು ಕೇಳಿದ್ದರಿಂದ ಹೇಳುತ್ತೇನೆ. ನೈಜರ್ ದೇಶದಲ್ಲಿ 2023ರಲ್ಲಿ ಸಿಕ್ಕ 24.67 ಕಿಲೋ ತೂಕದ ಮಂಗಳದ ಕಲ್ಲು 2025ರ ಜುಲೈಯಲ್ಲಿ ನ್ಯೂಯಾರ್ಕಿನ ಸದಬೀಸ್ ಹರಾಜಿನಲ್ಲಿ ಶುಲ್ಕವೂ ಸೇರಿ ಸುಮಾರು 53 ಲಕ್ಷ ಡಾಲರಿಗೆ ಹೋಯಿತು. ವಿಡಿಯೊಗಳಲ್ಲಿ ಕೋಟಿಯ ಮಾತು ಬರುವುದು ಇಂಥದ್ದರಿಂದಲೇ. ಆ ಕಲ್ಲು ದೇಶದಿಂದ ಹೊರಗೆ ಹೋದದ್ದು ಹೇಗೆ ಎಂದು ನೈಜರ್ ಸರ್ಕಾರ ತನಿಖೆ ಆರಂಭಿಸಿತು, ಉಲ್ಕಾಶಿಲೆಗಳ ರಫ್ತನ್ನೇ ತಡೆಹಿಡಿಯಿತು ಎಂಬುದನ್ನು ಅಂಥ ವಿಡಿಯೊಗಳು ಹೇಳುವುದಿಲ್ಲ.

ಒಪ್ಪಿಸುವವರೆಗೆ ಕಲ್ಲನ್ನು ತೊಳೆಯಬೇಡಿ, ಎಣ್ಣೆ ಸವರಬೇಡಿ, ಅರದಿಂದ ಉಜ್ಜಬೇಡಿ. ತಳಭಾಗಕ್ಕೆ ಅಂಟಿರುವ ಮಣ್ಣನ್ನೂ ಕೆರೆಯಬೇಡಿ. ಯಾವ ಮಗ್ಗುಲು ನೆಲಕ್ಕಿತ್ತು ಎಂಬುದನ್ನು ಅದೇ ಹೇಳುತ್ತದೆ. ಹೊಸ ಅಲ್ಯುಮಿನಿಯಂ ಹಾಳೆಯಲ್ಲಿ ಸುತ್ತಿ, ಸ್ವಚ್ಛ ಪ್ಲಾಸ್ಟಿಕ್ ಚೀಲದಲ್ಲಿ, ತೇವವಿಲ್ಲದ ಕಡೆ ಇಡಿ. ಎತ್ತುವ ಮೊದಲು ಮೊಬೈಲಿನಲ್ಲಿ ತೆಗೆದ ಮೊದಲ ಚಿತ್ರವನ್ನು ಯಾವ ಕಾರಣಕ್ಕೂ ಅಳಿಸಬೇಡಿ. ವಾಟ್ಸಾಪಿನಲ್ಲಿ ಕಳಿಸಿದ ಪ್ರತಿಯಲ್ಲಿ ಸ್ಥಳದ ಮಾಹಿತಿ ಉಳಿಯುವುದಿಲ್ಲ, ಮೂಲ ಕಡತದಲ್ಲಿ ಅಕ್ಷಾಂಶ-ರೇಖಾಂಶ ಇರಬಹುದು. ಇದ್ದರೆ ಬೇರೆ ಕಾಗದದಲ್ಲಿ ಬರೆದಿಡಿ.

ಇನ್ನು ಹೆಸರಿನ ಪ್ರಶ್ನೆ. ಉಲ್ಕಾಶಿಲೆಗೆ ಸಿಕ್ಕವರ ಹೆಸರಿಡುವ ಪದ್ಧತಿಯಿಲ್ಲ, ಸಿಕ್ಕ ಜಾಗದ ಹೆಸರಿಡುತ್ತಾರೆ. ಒಂದೇ ಬಯಲಿನಲ್ಲಿ ಅನೇಕ ಸಿಗುವಾಗ ಅದಕ್ಕೆ ಸಂಖ್ಯೆ ಸೇರಿಸುತ್ತಾರೆ. ಅಂತರರಾಷ್ಟ್ರೀಯ ಮೀಟಿಯರಿಟಿಕಲ್ ಸೊಸೈಟಿಯ ನಾಮಕರಣ ಸಮಿತಿ ವರ್ಗೀಕರಣದ ವರದಿಯನ್ನು ಪರಿಶೀಲಿಸಿ ಒಪ್ಪಿದ ಮೇಲೆಯೇ ಹೆಸರು ಅಧಿಕೃತವಾಗುತ್ತದೆ. ಅದಕ್ಕಾಗಿ ಕನಿಷ್ಠ 20 ಗ್ರಾಂ, ಅಥವಾ ಕಲ್ಲು ಚಿಕ್ಕದಾದರೆ ತೂಕದ ಶೇಕಡಾ 20ರಷ್ಟು ಭಾಗ, ಸಂಶೋಧಕರಿಗೆ ಮುಂದೆಯೂ ದೊರೆಯುವಂತೆ ಮಾನ್ಯತೆಯುಳ್ಳ ಸಂಗ್ರಹಾಲಯದಲ್ಲಿ ಉಳಿಯಬೇಕು. ನಿಮ್ಮ ಕಲ್ಲು ಯೋಗ್ಯವೆಂದಾದರೆ ಅದು ಜಿದ್ದತ್ ಅಲ್ ಹರಾಸಿಸ್ ಎಂಬ ಹೆಸರನ್ನೂ ಒಂದು ಸಂಖ್ಯೆಯನ್ನೂ ಪಡೆಯಬಹುದು. ಅಧಿಕೃತ ಪಟ್ಟಿಯಲ್ಲಿ ಕಲ್ಲು ಹೇಗೆ ಸಿಕ್ಕಿತು ಎಂಬ ವಿವರಕ್ಕೆ ಜಾಗವಿದೆ, ಹುಡುಕಿದವರನ್ನು ಅಲ್ಲಿ ನಮೂದಿಸುವುದುಂಟು. ಹಾಗಾಗಿ ಸಚಿವಾಲಯಕ್ಕೆ ಕೊಡುವ ಪತ್ರದಲ್ಲಿ ಯಾವ ದಿನ, ಎಲ್ಲಿ, ಯಾರೊಂದಿಗೆ ಇದ್ದಾಗ ಸಿಕ್ಕಿತು ಎಂಬುದನ್ನು ನಿಮ್ಮ ಹೆಸರಿನೊಂದಿಗೆ ಸ್ಪಷ್ಟವಾಗಿ ಬರೆಯಿರಿ, ಅದರ ಪ್ರತಿಯೊಂದನ್ನು ಮೊಹರು ಹಾಕಿಸಿ ಇಟ್ಟುಕೊಳ್ಳಿ. ಹೆದ್ದಾರಿಯಿಂದಿದ್ದ ದೂರ ಮತ್ತು ಸುತ್ತಲಿನ ಕಲ್ಲುಗಳ ಬಗ್ಗೆ ನಾನು ಕೇಳಿದ್ದಕ್ಕೆ ಉತ್ತರವನ್ನೂ ಅದೇ ಪತ್ರದಲ್ಲಿ ಸೇರಿಸಿದರೆ, ಕಲ್ಲನ್ನು ಮೊದಲು ಕೈಗೆತ್ತಿಕೊಳ್ಳುವ ವಿಜ್ಞಾನಿಗೆ ಅದು ನೇರವಾಗಿ ಉಪಯೋಗವಾಗುತ್ತದೆ.